ನೂರಕ್ಕೆ ಇನ್ನೂರೈದು

ಸಂಶೋಧನೆಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ ಎಂದು ಯಾರಾದರೂ ಕೇಳಿದರೆ, ಕಾಲೇಜಿನ ನೋಟಿಸ್ ಬೋರ್ಡಿನಿಂದ ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಅದರಲ್ಲೂ ನ್ಯಾಕ್ ಸಮಿತಿ ಬರುವ ವರ್ಷ ಸ್ಫೂರ್ತಿಯ ಕೆಳಗೆ ಪ್ರಾಂಶುಪಾಲರ ಸಹಿ, ಮೊಹರು ಎರಡೂ ಇರುತ್ತವೆ. ‘ಪ್ರತಿಯೊಬ್ಬ ಅಧ್ಯಾಪಕರೂ ಈ ಶೈಕ್ಷಣಿಕ ವರ್ಷದಲ್ಲಿ ಕನಿಷ್ಠ ಒಂದು ರಾಷ್ಟ್ರಮಟ್ಟದ ಸಮ್ಮೇಳನದಲ್ಲಿ ಪ್ರಬಂಧ ಮಂಡಿಸತಕ್ಕದ್ದು.’ ಇದನ್ನು ಓದಿದ ಕೂಡಲೇ ರಸಾಯನಶಾಸ್ತ್ರದವರು ಸೀಸೆಗಳ ಕಡೆಗೂ ಇತಿಹಾಸದವರು ಶಾಸನಗಳ ಕಡೆಗೂ ಹೊರಟರು. ಮನಶ್ಶಾಸ್ತ್ರ ವಿಭಾಗದಲ್ಲಿ ಇರುವವರು ಇಬ್ಬರೇ, ನಾನು ಮತ್ತು ನನ್ನ ಸಹೋದ್ಯೋಗಿ. ನಮಗೆ ಬೇಕಾದದ್ದು ಮನುಷ್ಯರು. ಸೀಸೆ ಶಾಸನಗಳ ಹಾಗೆ ಅವರು ಇಟ್ಟಲ್ಲಿ ಇರುವುದಿಲ್ಲ. ನಾವು ಪ್ರಶ್ನಾವಳಿ ಹಿಡಿದು ಬರುತ್ತಿದ್ದೇವೆಂದು ಗೊತ್ತಾದರೆ ಸಾಕು, ಕ್ಯಾಂಟೀನಿನ ಹಿಂಬಾಗಿಲಿನಿಂದ ಮಾಯವಾಗುತ್ತಾರೆ.

ಅದೂ ಮೈಸೂರಿನಲ್ಲಿ. ಈ ಊರಲ್ಲಿ ಮನಶ್ಶಾಸ್ತ್ರ ಕಲಿಸುವವರನ್ನೆಲ್ಲ ಎಂ. ವಿ. ಗೋಪಾಲಸ್ವಾಮಿಯವರ ಪಕ್ಕ ನಿಲ್ಲಿಸಿ ಎತ್ತರ ನೋಡುವ ಅಭ್ಯಾಸ ಹಳಬರಿಗೆ ಇದೆ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಓದಿ ಬಂದು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು ಅವರು. ಅಷ್ಟಕ್ಕೆ ಸುಮ್ಮನಿರದೆ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರುಮಾಡಿದರು. ಆ ನಿಲಯಕ್ಕೆ ‘ಆಕಾಶವಾಣಿ’ ಎಂದು ಹೆಸರಾಯಿತು. ನಮ್ಮ ಅತ್ತೆಯವರಿಗೆ ಈ ಕಥೆ ಅವರ ತಂದೆಯಿಂದ ಬಂದದ್ದು, ನನಗೆ ಅತ್ತೆಯವರಿಂದ ಆಗಾಗ ಬರುತ್ತಿರುವುದು.

“ಅವರದ್ದೂ ನಿನ್ನ ಸಬ್ಜೆಕ್ಟೇ ಅಲ್ವೇನಮ್ಮಾ?”

“ಹೌದತ್ತೆ.”

“ಅವರ ಮನೆಯಿಂದ ಊರಿಗೆಲ್ಲ ಸಂಗೀತ ಕೇಳಿಸ್ತಿತ್ತಂತೆ.”

ನಮ್ಮ ಮನೆಯಿಂದಲೂ ಕೇಳಿಸುತ್ತದೆ, ಎದುರು ಮನೆಯವರೆಗೆ. ಸಂಗೀತವಲ್ಲ, ಅಷ್ಟೇ.

ವಿಷಯ ಹುಡುಕಿಕೊಂಡು ನಾನು ಬಹಳ ದೂರ ಹೋಗಲಿಲ್ಲ. ಅಡುಗೆಮನೆಯ ಸಿಂಕಿನ ತನಕ ಹೋದೆ. ಭಾನುವಾರ ಮಧ್ಯಾಹ್ನ ಅಲ್ಲಿ ಬಿದ್ದಿದ್ದ ಪಾತ್ರೆಗಳನ್ನು ನೋಡುತ್ತ, ಈ ಮನೆಯ ಕೆಲಸವೆಲ್ಲ ನನ್ನ ತಲೆಯ ಮೇಲೆಯೇ ಬಿದ್ದಿದೆ ಎಂಬ ನನ್ನ ಹಳೆಯ ಸಿದ್ಧಾಂತವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಮಂಡಿಸಿಕೊಳ್ಳುತ್ತಿದ್ದಾಗ ನೆನಪಾದದ್ದು ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೋಲಿ. 1979ರಲ್ಲಿ ಕೆನಡಾದ ಈ ಇಬ್ಬರು 37 ಜೋಡಿ ಗಂಡಹೆಂಡಿರನ್ನು ಬೇರೆಬೇರೆ ಕೂರಿಸಿ, ಮನೆಯ ಒಂದೊಂದು ಕೆಲಸದಲ್ಲಿ ನಿಮ್ಮ ಪಾಲು ಎಷ್ಟು ಎಂದು ಕೇಳಿದರು. ಗಂಡನ ಪಾಲಿಗೆ ಹೆಂಡತಿಯ ಪಾಲು ಕೂಡಿಸಿದರೆ ಹೆಚ್ಚಿನ ಕೆಲಸಗಳಲ್ಲಿ ಮೊತ್ತ ನೂರನ್ನು ದಾಟಿತು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ನಾನು ಗುಡಿಸಿದ್ದು ನನ್ನ ಸೊಂಟಕ್ಕೆ ನೆನಪಿರುತ್ತದೆ, ನೀವು ಗುಡಿಸುವಾಗ ನಾನು ಅಲ್ಲಿ ಇದ್ದಿರಲಿಕ್ಕಿಲ್ಲ. ಇಷ್ಟೇ ಅದರ ಒಳಗುಟ್ಟು. ನಾನು ಇದನ್ನು ತರಗತಿಯಲ್ಲಿ ಪ್ರತಿವರ್ಷ ಪಾಠ ಮಾಡುತ್ತೇನೆ. ಪಾಠ ಮಾಡಿ ಮನೆಗೆ ಬಂದು, ‘ಎಲ್ಲಾ ನಾನೇ ಮಾಡಬೇಕು’ ಎಂದು ವ್ಯಾನಿಟಿ ಬ್ಯಾಗನ್ನು ಸೋಫಾದ ಮೇಲೆ ಎಸೆಯುತ್ತೇನೆ.

ಗಂಡಹೆಂಡಿರಿಬ್ಬರೇ ಇರುವ ಮನೆಯಲ್ಲಿ ಹೀಗಾದರೆ ಅತ್ತೆ, ಮಗ, ಕೆಲಸದಾಕೆ ಎಲ್ಲ ಇರುವ ಮೈಸೂರಿನ ಮನೆಗಳಲ್ಲಿ ಎಷ್ಟಾಗಬಹುದು? ಸಹೋದ್ಯೋಗಿಗೆ ಫೋನು ಮಾಡಿದೆ. ಅವರಿಗೂ ಅದೇ ಹೊತ್ತಿಗೆ ಅವರ ಸಿಂಕಿನಲ್ಲಿ ಅದೇ ದೃಶ್ಯವಿತ್ತು. ಒಪ್ಪಿದರು.

ಸಾರಾಂಶ ಕಳಿಸಲು ಎರಡು ತಿಂಗಳು ಸಮಯವಿತ್ತು. ಎರಡು ವಾರದಲ್ಲಿ ಮುಗಿಸಿಬಿಡುತ್ತೇನೆಂದು ರಾತ್ರಿ ಊಟದ ಹೊತ್ತಿನಲ್ಲಿ ಘೋಷಿಸಿದೆ. ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ನೋಡಿ ನೋಡಿ ಪಳಗಿದ ನನ್ನ ಯಜಮಾನರು ಏನೂ ಹೇಳದೆ ಮಜ್ಜಿಗೆ ಹಾಕಿಕೊಂಡರು. ಅತ್ತೆ ಮಾತ್ರ, “ಕೊನೇ ದಿನ ರಾತ್ರಿ ಹನ್ನೆರಡು ಗಂಟೆಗೆ ಲೈಟ್ ಉರೀತಿರತ್ತೆ ನೋಡು” ಎಂದರು. ನನಗೆ ಸಿಟ್ಟು ಬಂದದ್ದು ಆ ಮಾತಿಗಲ್ಲ, ಅದಕ್ಕೆ ಪುರಾವೆ ಇರುವುದಕ್ಕೆ. ಅದೇ ರಾಸ್ ಮಹಾಶಯರು 1994ರಲ್ಲಿ ಬ್ಯೂಲರ್, ಗ್ರಿಫಿನ್ ಎಂಬಿಬ್ಬರ ಜೊತೆ ಸೇರಿ, ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ‘ಎಂದು ಮುಗಿಸುತ್ತೀರಿ’ ಎಂದು ಕೇಳಿದ್ದರು. ಸರಾಸರಿ 33.9 ದಿನ ಎಂದರಂತೆ. ಎಲ್ಲವೂ ಕೆಟ್ಟುಹೋದರೆ ಎಂದು ಕೇಳಿದ್ದಕ್ಕೆ 48.6 ದಿನ. ನಿಜವಾಗಿ ಹಿಡಿದದ್ದು 55.5. ಎಲ್ಲವೂ ಕೆಟ್ಟುಹೋಗುವುದನ್ನು ಲೆಕ್ಕಕ್ಕೆ ಹಿಡಿದರೂ ಸಾಲದು, ಇನ್ನೊಂದು ವಾರ ಇಟ್ಟುಕೊಳ್ಳಬೇಕು. ಮಾಡುವವರಿಗಿಂತ ಪಕ್ಕದಲ್ಲಿ ಕೂತು ನೋಡುವವರು ತಡವನ್ನು ಹೆಚ್ಚು ಊಹಿಸುತ್ತಾರೆ ಎಂಬುದೂ ಅದೇ ಅಧ್ಯಯನದಲ್ಲಿದೆ. ಈ ರಾಸ್ ಕೆನಡಾದಲ್ಲಿದ್ದರೋ ನಮ್ಮ ಮನೆಯ ಹಜಾರದಲ್ಲಿದ್ದರೋ ಎಂದು ನನಗೆ ಒಮ್ಮೊಮ್ಮೆ ಅನುಮಾನವಾಗುತ್ತದೆ.

ಪ್ರಶ್ನಾವಳಿಯನ್ನು ಊರಿನ ಮನೆಗಳಿಗೆ ಒಯ್ಯುವ ಮೊದಲು ಒಂದು ಕಡೆ ಪ್ರಾಯೋಗಿಕವಾಗಿ ನೋಡಬೇಕು. ನೋಡಲು ನಮ್ಮ ಮನೆಯೇ ಇತ್ತು. ಶಾಸ್ತ್ರ ಬಿಡಬಾರದೆಂದು ಮನೆಯವರ ಕೈಗೆಲ್ಲ ಕನ್ಸೆಂಟ್ ಫಾರಂ ಕೊಟ್ಟೆ. ಅದನ್ನು ನಮ್ಮ ಮನೆಯಲ್ಲಿ ಪೂರ್ತಿ ಓದಿದವರು ಅತ್ತೆ ಒಬ್ಬರೇ. ಯಜಮಾನರು ದಿನಕ್ಕೆ ನೂರು ಜನರಿಂದ ಓದದೇ ಸಹಿ ಹಾಕಿಸುವವರು, ತಾವೂ ಹಾಗೇ ಹಾಕಿದರು. ಪಿಯುಸಿ ಓದುವ ಮಗ ಸಹಿ ಹಾಕಲು ಐವತ್ತು ರೂಪಾಯಿ ಕೇಳಿದ. ಅತ್ತೆ ಕನ್ನಡಕ ಏರಿಸಿ, ಬೆರಳಿಟ್ಟು ಓದುತ್ತ ಹೋದವರು ಒಂದು ಸಾಲಿನ ಹತ್ತಿರ ನಿಂತರು.

“‘ಯಾವ ಕಾರಣವನ್ನೂ ಕೊಡದೆ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು.’ ಹೀಗಂದ್ರೆ?”

“ಇಷ್ಟವಿಲ್ಲ ಅಂದ್ರೆ ಮಧ್ಯದಲ್ಲೇ ಎದ್ದು ಹೋಗಬಹುದು ಅಂತ, ಅತ್ತೆ.”

“ನಮ್ಮ ಮದುವೆ ಟೈಮಲ್ಲಿ ಈ ಫಾರಂ ಇರಲಿಲ್ಲ,” ಎಂದು ಸಹಿ ಹಾಕಿದರು.

ಆಮೇಲೆ ಪ್ರಶ್ನಾವಳಿಯನ್ನು ಕೈಗೆತ್ತಿಕೊಂಡರು. ನಾನು, ನನ್ನ ಸಹೋದ್ಯೋಗಿ ಇಬ್ಬರೂ ತಲೆ ಕೆಡಿಸಿಕೊಂಡು ಮಾಡಿದ ಪಟ್ಟಿ ಅದು. ಅಡುಗೆ, ಪಾತ್ರೆ, ಬಟ್ಟೆ, ಗುಡಿಸಿ ಒರೆಸುವುದು, ತರಕಾರಿ, ಗ್ಯಾಸ್ ಬುಕಿಂಗ್, ಕರೆಂಟ್ ಬಿಲ್ಲು, ಕಸದ ಗಾಡಿಗೆ ಕಸ ಕೊಡುವುದು, ಕೊನೆಗೆ ರಾಸ್ ಅವರ ದಾರಿಯಲ್ಲೇ ‘ಮನೆಯಲ್ಲಿ ಜಗಳ ಶುರುಮಾಡುವುದು’. ಎಲ್ಲ ಓದಿ ಅತ್ತೆ ಕೇಳಿದರು, “ಹಾಲಿಗೆ ಹೆಪ್ಪು ಹಾಕೋದು ಎಲ್ಲಿದೆ?”

ಇರಲಿಲ್ಲ.

“ಮೋಡ ಕವಿದ್ರೆ ಮಹಡಿ ಮೇಲಿನ ಬಟ್ಟೆ ತರೋದು? ಅವನ ಬೀಪಿ ಮಾತ್ರೆ ತೀರ್ತಾ ಬಂತು ಅಂತ ಜ್ಞಾಪಿಸೋದು? ಯಾರ ಮನೆ ಮದುವೇಲಿ ನಮಗೆ ಎಷ್ಟು ಮುಯ್ಯಿ ಮಾಡಿದ್ರು ಅಂತ ಬರೆದಿಡೋದು? ಮಲಗೋ ಮುಂಚೆ ಗ್ಯಾಸ್ ಆಫ್ ಆಗಿದೆಯಾ ಅಂತ ನೋಡೋದು?”

ಒಂದು ಪ್ರಶ್ನಾವಳಿ ಅಳೆಯಬೇಕಾದದ್ದನ್ನೆಲ್ಲ ಒಳಗೊಂಡಿದೆಯೇ ಎಂದು ಆ ವಿಷಯದ ತಜ್ಞರಿಂದ ನೋಡಿಸಬೇಕು ಎಂದು ನಮ್ಮ ಶಾಸ್ತ್ರದಲ್ಲಿ ನಿಯಮವಿದೆ. ನಾವು ತಜ್ಞರೆಂದು ಇಬ್ಬರು ಪ್ರಾಧ್ಯಾಪಕರಿಗೆ ಮೇಲ್ ಮಾಡಿದ್ದೆವು. ಇಬ್ಬರೂ ‘ತೃಪ್ತಿಕರವಾಗಿದೆ’ ಎಂದು ಉತ್ತರಿಸಿದ್ದರು. ಇಬ್ಬರ ಮನೆಯಲ್ಲೂ ಹೆಪ್ಪು ಹಾಕುವವರು ಬೇರೆ ಯಾರೋ ಇದ್ದಿರಬೇಕು. ಪಟ್ಟಿಯನ್ನು ತಿದ್ದಿದೆ.

ಅಂಕಿಅಂಶ ಸಂಗ್ರಹ ಅರ್ಧ ಗಂಟೆಯಲ್ಲಿ ಮುಗಿಯಿತು. ಒಟ್ಟಾರೆ ಮನೆಗೆಲಸದಲ್ಲಿ ನಿಮ್ಮ ಪಾಲು ನೂರಕ್ಕೆ ಎಷ್ಟು? ನಾನು, ಸಂಶೋಧಕಿಗೆ ಇರಬೇಕಾದ ಸಂಯಮದಿಂದ, ತೊಂಬತ್ತು ಎಂದು ಬರೆಯಲು ಹೊರಟ ಕೈಯನ್ನು ತಡೆದು 75 ಎಂದು ಬರೆದೆ. ಯಜಮಾನರು 40 ಬರೆದರು. ಹೇಗೆ ಎಂದು ಕೇಳಿದ್ದಕ್ಕೆ, “ಕರೆಂಟ್ ಬಿಲ್ಲು, ನೀರಿನ ಬಿಲ್ಲು, ಇನ್ಷೂರೆನ್ಸು, ಕಾರಿನ ಸರ್ವೀಸು, ಎಲ್ಲಾ ಯಾರು ನೋಡ್ಕೋತಾರೆ?” ಎಂದರು. ತಿಂಗಳಿಗೆ ಒಂದು ಸಲ ಕೂತಲ್ಲೇ ಮೊಬೈಲ್ ಒತ್ತಿ ಮುಗಿಸುವ ಕೆಲಸಗಳು ಅವರ ಬಾಯಲ್ಲಿ ಬರುವಾಗ ಒಂದೊಂದೂ ಒಂದೊಂದು ಇಲಾಖೆಯಾಗಿದ್ದವು. ಮಗ 20 ಬರೆದ. ಅವನು ತನ್ನ ತಟ್ಟೆಯನ್ನು ತಾನೇ ಸಿಂಕಿಗೆ ಹಾಕುತ್ತಾನೆ. ಪಾತ್ರೆ ತೊಳೆದು, ಗುಡಿಸಿ ಒರೆಸಲು ಬರುವಾಕೆಯನ್ನು ಕೇಳಿದೆ. “ಅರವತ್ತು ಅಂತ ಬರ್ಕೊಳ್ಳಿ ಅಕ್ಕಾ. ಸಂದೇಹ ಇದ್ರೆ ನಾಳೆ ರಜ ಹಾಕ್ತೀನಿ, ನೋಡಿ ಬರ್ಕೊಳ್ಳಿ” ಎಂದಳು. ಪ್ರಯೋಗವಿಧಾನದಲ್ಲಿ ಇದಕ್ಕಿಂತ ಗಟ್ಟಿಯಾದ ಪ್ರಸ್ತಾವ ನಾನು ಯಾವ ಸಮ್ಮೇಳನದಲ್ಲೂ ಕೇಳಿಲ್ಲ. ಸಂದೇಹವಿಲ್ಲವೆಂದು ಒಡನೆಯೇ ಬರೆದುಕೊಂಡೆ.

ಕೊನೆಗೆ ಅತ್ತೆ. “ನನ್ನದೇನಿದೆ? ಕೂತಿರ್ತೀನಿ. ಹತ್ತು ಹಾಕ್ಕೋ.”

ಯಜಮಾನರು ಬ್ಯಾಂಕಿನವರ ಅಭ್ಯಾಸದಂತೆ ಕೇಳದೆಯೇ ಮೊತ್ತ ಮಾಡಿದರು. ಇನ್ನೂರೈದು.

“ಟ್ಯಾಲಿ ಆಗ್ತಿಲ್ಲ ಕಣೇ.”

“ಆಗಬಾರದು. ಅದೇ ನನ್ನ ಸಂಶೋಧನೆ.”

“ನೂರಕ್ಕೆ ಇನ್ನೂರೈದು ಕೆಲಸ ಆಗೋ ಮನೇಲಿ, ಆ ಫ್ಯಾನಿನ ರೆಕ್ಕೆ ಮೇಲೆ ಇರೋ ಧೂಳು ಯಾರ ಪಾಲಿಂದು?”

ಇನ್ನೊಂದು ಫಲಿತಾಂಶ ಇದಕ್ಕಿಂತ ಸೊಗಸಾಗಿತ್ತು. ಜಗಳ ಶುರುಮಾಡುವುದರಲ್ಲಿ ನಿಮ್ಮ ಪಾಲೆಷ್ಟು ಎಂಬುದಕ್ಕೆ ನಾನು ಹತ್ತು ಎಂದೆ, ಯಜಮಾನರು ಐದು, ಮಗ ಐದು, ಅತ್ತೆ ಸೊನ್ನೆ. ಕೆಲಸದಾಕೆ, “ನಾನ್ಯಾಕಕ್ಕ, ನಿಮ್ಮದು ಮುಗಿಯೋ ತನಕ ಹೊರಗೆ ನಿಂತಿರ್ತೀನಿ” ಎಂದಳು. ಕೂಡಿದರೆ ಇಪ್ಪತ್ತು. ಅಂದರೆ ನಮ್ಮ ಮನೆಯ ಜಗಳಗಳಲ್ಲಿ ಶೇಕಡಾ 80 ತಾವಾಗಿಯೇ ಹುಟ್ಟುತ್ತವೆ. ಈ ಒಂದು ವಿಷಯದಲ್ಲಿ ನಾವು ರಾಸ್ ಮತ್ತು ಸಿಕೋಲಿಯವರ ಅಧ್ಯಯನಕ್ಕೆ ತಿರುಗಿ ನಿಂತಿದ್ದೇವೆ. ಅವರ ದಂಪತಿಗಳು ಒಳ್ಳೆಯ ಕೆಲಸಗಳಲ್ಲಿ ಮಾತ್ರವಲ್ಲ, ಜಗಳದಂಥ ಕೆಟ್ಟ ಬಾಬತ್ತುಗಳಲ್ಲೂ ತಮ್ಮ ಪಾಲನ್ನು ಹೆಚ್ಚಾಗಿಯೇ ಹೇಳಿಕೊಂಡಿದ್ದರು. ಎಷ್ಟು ಒಳ್ಳೆಯ ಜನ! ಅಂಥವರ ಜೊತೆ ಜಗಳವಾಡಿ ಏನು ಸುಖ ಎಂದು ಮಾತ್ರ ನನಗೆ ತಿಳಿಯಲಿಲ್ಲ.

ಊರಿನ ಉಳಿದ ಮನೆಗಳ ಕೆಲಸ ವಿದ್ಯಾರ್ಥಿಗಳ ಸಹಾಯದಿಂದ ನಡೆಯಿತು. ಅದರಲ್ಲಿ ಹಾಸ್ಯವೇನೂ ಇಲ್ಲ, ಬಿಸಿಲಿತ್ತು. ಹಾಸ್ಯ ಇದ್ದದ್ದು ಸಾರಾಂಶ ಬರೆಯುವುದರಲ್ಲಿ. 250 ಪದ. ಅಮೆರಿಕದ ಮನಶ್ಶಾಸ್ತ್ರ ಸಂಘ 1929ರಲ್ಲಿ ಬರವಣಿಗೆಯ ನಿಯಮಗಳನ್ನು ಮೊದಲು ಹೊರಡಿಸಿದಾಗ ಅದು ಏಳು ಪುಟದ ಒಂದು ಲೇಖನ. ಈಗ ಏಳನೆಯ ಆವೃತ್ತಿ. ನಾನೂರು ಪುಟ ದಾಟಿದ ಗ್ರಂಥ. ಸಂಕ್ಷಿಪ್ತವಾಗಿ ಬರೆಯಿರಿ ಎಂದು ಹೇಳಲು ಅಷ್ಟು ಪುಟ ಬೇಕಾಗಿದೆ. ನನ್ನ ಮೊದಲ ಕರಡು 900 ಪದಗಳಿತ್ತು. ಪ್ರಸ್ತಾವನೆಯಲ್ಲೇ ಸೃಷ್ಟಿಯ ಆದಿಯಿಂದ ಮನೆಗೆಲಸದ ಇತಿಹಾಸ ಶುರುವಾಗಿತ್ತು. ಯಜಮಾನರು ಓದಿ, “ಇದರಲ್ಲಿ ಅರ್ಧ ನೀನು ಹೋದ ದೀಪಾವಳಿಗೆ ನನಗೆ ಹೇಳಿದ್ದೇ ಇದೆ. ನಿಮ್ಮ ಯುಜಿಸಿಯವರು 2018ರಲ್ಲಿ ಏನೋ ಹತ್ತು ಪರ್ಸೆಂಟ್ ತನಕ ಮಾತ್ರ ಹೋಲಿಕೆ ಇರಬಹುದು ಅಂದಿದ್ದಾರಂತಲ್ಲ?” ಎಂದರು. ಸಂಶೋಧನೆಯ ನಿಯಮಗಳನ್ನು ಮನೆಯಲ್ಲಿ ಗಟ್ಟಿಯಾಗಿ ಓದಬಾರದು ಎಂದು ಆ ದಿನ ಕಲಿತೆ.

ಉದ್ದೇಶ, ವಿಧಾನ, ಫಲಿತಾಂಶ, ತೀರ್ಮಾನ ಎಂದು ನಾಲ್ಕು ಖಾನೆ. ಫಲಿತಾಂಶದ ಖಾನೆಗೆ ಬಂದಾಗ ಇನ್ನೂ ಅರ್ಧ ಮನೆಗಳ ಉತ್ತರ ಬಂದಿರಲಿಲ್ಲ. ನಮ್ಮ ದೇಶದ ಸಮ್ಮೇಳನಗಳಲ್ಲಿ ಇದಕ್ಕೆಂದೇ ಒಂದು ಸಿದ್ಧ ವಾಕ್ಯವಿದೆ: ‘ಫಲಿತಾಂಶಗಳನ್ನು ಸಮ್ಮೇಳನದಲ್ಲಿ ಚರ್ಚಿಸಲಾಗುವುದು.’ ಈ ಒಂದು ವಾಕ್ಯದ ಆಸರೆಯಲ್ಲಿ ಎಷ್ಟು ಜನರು ಪ್ರೊಫೆಸರ್ ಆಗಿದ್ದಾರೆಂದು ಲೆಕ್ಕ ಹಾಕಿದರೆ ಅದೇ ಒಂದು ಪ್ರಬಂಧವಾದೀತು. ಇದರ ತದ್ವಿರುದ್ಧ ಕಾಯಿಲೆಯೂ ಉಂಟು. ಫಲಿತಾಂಶ ಬಂದ ಮೇಲೆ ಅದಕ್ಕೆ ಒಪ್ಪುವ ಊಹೆಯನ್ನು ಹೊಲಿದು, ಮೊದಲಿಂದಲೂ ಹಾಗೇ ಅಂದುಕೊಂಡಿದ್ದೆವು ಎನ್ನುವುದು. 1998ರಲ್ಲಿ ನಾರ್ಬರ್ಟ್ ಕೆರ್ ಇದನ್ನು ಹೆಸರಿಟ್ಟು ಕರೆದು ಮಾನ ಕಳೆದರು. ಹಾಲು ಉಕ್ಕಿದ ಮೇಲೆ ‘ನಂಗೊತ್ತಿತ್ತು, ಉಕ್ಕತ್ತೆ ಅಂತ’ ಎನ್ನುವ ಹಾಗೆ. ನಾನು ಎರಡೂ ಮಾಡದೆ, ಬಂದಷ್ಟು ಮನೆಗಳ ಫಲಿತಾಂಶ ಬರೆದೆ. ಇದನ್ನು ಪ್ರಾಮಾಣಿಕತೆ ಎಂದುಕೊಳ್ಳಬೇಕಾಗಿಲ್ಲ, ಕಾಯಲು ಸಮಯವಿರಲಿಲ್ಲ.

ಕೊನೆಯ ದಿನದ ರಾತ್ರಿ ಲೈಟು ಉರಿಯುತ್ತಿತ್ತು. ಅತ್ತೆ ನೀರು ಕುಡಿಯುವ ನೆವದಲ್ಲಿ ಎದ್ದು ಬಂದು, ಲೈಟು ನೋಡಿ, ನನ್ನನ್ನು ನೋಡಿ, ಏನೂ ಮಾತಾಡದೆ ಹೋದರು. ಇನ್ನೂ ನಲವತ್ತು ಪದ ಹೆಚ್ಚಿತ್ತು. ಯಾವುದನ್ನು ಅಳಿಸಲಿ ಎಂದು ಪರದೆಯನ್ನೇ ನೋಡುತ್ತಿದ್ದವಳಿಗೆ ಡೆನ್ನಿಸ್ ಅಪ್ಪರ್ ನೆನಪಾದರು. ಬರೆಯಲು ಕೂತರೆ ಏನೂ ಹೊಳೆಯದ ತೊಂದರೆಯನ್ನು ತಾನೇ ಚಿಕಿತ್ಸೆ ಮಾಡಿಕೊಳ್ಳಲು ಹೋಗಿ ವಿಫಲನಾದದ್ದರ ಬಗ್ಗೆ 1974ರಲ್ಲಿ ಒಂದು ವರ್ತನಾ ವಿಜ್ಞಾನದ ಪತ್ರಿಕೆಯಲ್ಲಿ ಆತ ಲೇಖನ ಪ್ರಕಟಿಸಿದ. ಶೀರ್ಷಿಕೆ ಇತ್ತು, ಹೆಸರಿತ್ತು. ಕೆಳಗೆ ಪುಟ ಖಾಲಿ. ಲೇಖನವೇ ಅದು. ಅದನ್ನು ಪರಿಶೀಲಿಸಿದವರು ನಿಂಬೆರಸ ಹಚ್ಚಿ ನೋಡಿದೆ, ಎಕ್ಸ್‌ರೇ ಹಿಡಿದು ನೋಡಿದೆ, ಒಂದು ದೋಷವೂ ಸಿಗಲಿಲ್ಲ, ತಿದ್ದುಪಡಿ ಇಲ್ಲದೆ ಅಚ್ಚು ಹಾಕಿ ಎಂದು ಶಿಫಾರಸು ಮಾಡಿದರು. ಅದೂ ಜೊತೆಯಲ್ಲೇ ಅಚ್ಚಾಯಿತು. ಇದನ್ನು ಯಜಮಾನರಿಗೆ ಹೇಳಿದೆ.

“ಹಾಗಾದ್ರೆ ನೀನೂ ಖಾಲಿ ಕಳಿಸಿಬಿಡು, ಮಲಗೋಣ.”

ಅದು ಒಬ್ಬರೇ ಒಂದು ಸಲ ಮಾಡಬಹುದಾದ ಕೆಲಸ ಎಂದು ವಿವರಿಸುವಷ್ಟರಲ್ಲಿ ಅವರು ಗೊರಕೆ ಹೊಡೆಯುತ್ತಿದ್ದರು.

ಹೇಗೋ ನಲವತ್ತು ಪದ ಕಳೆದು ಸಲ್ಲಿಕೆಯ ಗುಂಡಿ ಒತ್ತಿದರೆ ಕೆಂಪಕ್ಷರದಲ್ಲಿ ಇನ್ನೊಂದು ಖಾನೆ ಎದ್ದು ನಿಂತಿತು. ಪ್ರತಿಯೊಬ್ಬ ಲೇಖಕರ ಪಾಲು ನೂರಕ್ಕೆ ಎಷ್ಟು? ಮೊತ್ತ ನೂರೇ ಇರಬೇಕು. ನಾನು ಹೆಚ್ಚು ಯೋಚಿಸದೆ ನನ್ನ ಹೆಸರಿನ ಮುಂದೆ 70 ಹಾಕಿ ಸಹೋದ್ಯೋಗಿಗೆ ಫೋನು ಮಾಡಿದೆ. “ನಿಮ್ಮ ಪಾಲು ಎಷ್ಟು ಹಾಕಲಿ?” ಆ ಕಡೆಯಿಂದ ನಿದ್ದೆಗಣ್ಣಿನ ಉತ್ತರ, “ಅರವತ್ತು ಹಾಕಿ, ಸಾಕು.” ಇಬ್ಬರೂ ಸುಮ್ಮನಾದೆವು. ತಮ್ಮ ಪಾಲನ್ನು ಜಾಸ್ತಿ ಹೇಳಿಕೊಳ್ಳುವ ಮನುಷ್ಯಸ್ವಭಾವದ ಮೇಲೆ ಎರಡು ತಿಂಗಳು ಕೆಲಸ ಮಾಡಿದ ನಮ್ಮಿಬ್ಬರ ಪಾಲು ಸೇರಿ ನೂರಮೂವತ್ತು. ಒಂದೇ ಪ್ರಬಂಧದ ಸಹಲೇಖಕರನ್ನು ಕೇಳಿದರೂ ಮೊತ್ತ ನೂರು ಮೀರುತ್ತದೆ ಎಂದು ಕರೂಸೊ, ಎಪ್ಲಿ, ಬೇಜರ್‌ಮನ್ ಎಂಬ ಮೂವರು 2006ರಲ್ಲೇ ತೋರಿಸಿದ್ದಾರೆ. ಆ ಲೇಖನವನ್ನು ನಾವು ಉಲ್ಲೇಖಿಸಿಯೂ ಇದ್ದೆವು.

ಗಡಿಯಾರ ಹನ್ನೊಂದೂ ಐವತ್ತು ತೋರಿಸುತ್ತಿತ್ತು. ಪ್ರಶ್ನಾವಳಿ ತನ್ನದು ಎಂದರು ಅವರು. ಅದರಲ್ಲಿ ಹೆಪ್ಪೇ ಇರಲಿಲ್ಲ ಎಂದೆ ನಾನು. ಅದನ್ನು ಸೇರಿಸಿದ್ದು ನಿಮ್ಮ ಅತ್ತೆ ಅಲ್ವಾ ಎಂದರು ಅವರು. ಕೊನೆಗೆ ನನಗೆ 55, ಅವರಿಗೆ 45, ಹೋಗುವಾಗ ಬರುವಾಗ ರೈಲಿನಲ್ಲಿ ಲೋಯರ್ ಬರ್ತ್ ಅವರಿಗೆ ಎಂದು ಒಪ್ಪಂದವಾಗಿ, ಕಂಪ್ಯೂಟರಿಗೂ ಮನಸ್ಸಿಗೆ ಬಂದು ಹಸಿರು ಗೆರೆ ಎಳೆಯಿತು.

ಮುಂದೆ ಪರಿಶೀಲಕರ ಅಭಿಪ್ರಾಯಗಳು ಬಂದವು. ಪರಿಶೀಲಕರು ಯಾರೆಂದು ನಮಗೆ ಗೊತ್ತಿಲ್ಲ, ನಾವು ಯಾರೆಂದು ಅವರಿಗೆ ಗೊತ್ತಿಲ್ಲ; ಇಬ್ಬರ ಹಿತದೃಷ್ಟಿಯಿಂದಲೂ ಒಳ್ಳೆಯ ಏರ್ಪಾಡು. ಒಂದನೆಯವರು ‘ಚೆನ್ನಾಗಿದೆ’ ಎಂದಿದ್ದರು. ಎರಡನೆಯವರು ಒಂದು ಪುಟ ಬರೆದಿದ್ದರು. ಮೈಸೂರಿನ ಮನೆಗಳನ್ನೇ ಏಕೆ ಆರಿಸಿಕೊಂಡಿರಿ, ಇದು ಎಲ್ಲ ಮನುಷ್ಯರಿಗೂ ಅನ್ವಯಿಸುತ್ತದೆಯೇ ಎಂಬುದು ಮುಖ್ಯ ಆಕ್ಷೇಪ. ಅಮೆರಿಕದ ಕಾಲೇಜು ಹುಡುಗರನ್ನು ಕೂರಿಸಿ ನೋಡಿದ್ದನ್ನೆಲ್ಲ ದಶಕಗಳ ಕಾಲ ‘ಮನುಷ್ಯ ಸ್ವಭಾವ’ ಎಂದೇ ನಮ್ಮ ಶಾಸ್ತ್ರ ಬರೆದುಕೊಂಡು ಬಂದಿದೆ. ಹೆನ್ರಿಕ್ ಮತ್ತು ಇಬ್ಬರು ಸಂಗಡಿಗರು 2010ರಲ್ಲಿ ಇದನ್ನು ಎತ್ತಿ ಆಡಿ, ಈ ಜನ ಪ್ರಪಂಚದ ಮಾದರಿಯಲ್ಲ, ಪ್ರಪಂಚದಲ್ಲೇ ವಿಚಿತ್ರದವರು ಎಂದರು. ಆದರೂ ಅವರನ್ನು ಕೇಳಿದರೆ ಮನುಷ್ಯ. ಕುವೆಂಪುನಗರದವರನ್ನು ಕೇಳಿದರೆ ಕುವೆಂಪುನಗರದವರು. ನಾನು ಸಿಟ್ಟಿನಿಂದ ಎರಡು ಪುಟ ಉತ್ತರ ಬರೆದು, ಮಾರನೆಯ ದಿನ ‘ತಮ್ಮ ಅಮೂಲ್ಯ ಸಲಹೆಗೆ ಕೃತಜ್ಞತೆಗಳು’ ಎಂಬುದನ್ನು ಮಾತ್ರ ಉಳಿಸಿ ಕಳಿಸಿದೆ.

ಮನೆಯವರಿಗೆ ಈ ಪರಿಶೀಲನೆಯ ಮೇಲೆ ಗೌರವ ಹುಟ್ಟಿಸಬೇಕೆಂದು ಪೀಟರ್ಸ್ ಮತ್ತು ಸೀಸಿಯವರ ಕಥೆ ಹೇಳಿದ್ದು ಉಲ್ಟಾ ಹೊಡೆಯಿತು. 1982ರಲ್ಲಿ ಪ್ರಕಟವಾದ ಅವರ ಅಧ್ಯಯನ ಹೀಗೆ: ಮನಶ್ಶಾಸ್ತ್ರದ ಪತ್ರಿಕೆಗಳಲ್ಲಿ ಆಗಲೇ ಅಚ್ಚಾಗಿದ್ದ 12 ಲೇಖನಗಳನ್ನು ತೆಗೆದುಕೊಂಡು, ಲೇಖಕರ ಹೆಸರು, ಸಂಸ್ಥೆಯ ಹೆಸರು ಬದಲಾಯಿಸಿ ಅದೇ ಪತ್ರಿಕೆಗಳಿಗೆ ಮತ್ತೆ ಕಳಿಸಿದರು. ಮೂರು ಮಾತ್ರ ಸಿಕ್ಕಿಬಿದ್ದವು. ಉಳಿದ ಒಂಬತ್ತರಲ್ಲಿ ಎಂಟು ತಿರಸ್ಕೃತವಾದವು, ವಿಧಾನದಲ್ಲಿ ಗಂಭೀರ ದೋಷಗಳಿವೆ ಎಂಬ ಕಾರಣ ಕೊಟ್ಟು. ಅತ್ತೆ ಪೂರ್ತಿ ಕೇಳಿ, “ಇದರಲ್ಲೇನು ಆಶ್ಚರ್ಯ? ಬೆಳಗ್ಗೆ ನೀನು ಮಾಡಿದ ಹುಳಿ ಬೆಳಗ್ಗೆ ಚೆನ್ನಾಗಿಲ್ಲ ಅಂದ. ರಾತ್ರಿ ಅದನ್ನೇ ಬಿಸಿ ಮಾಡಿ, ನಾನು ಮಾಡಿದ್ದು ಅಂತ ಹಾಕಿದೆ. ಎರಡು ಸಲ ಹಾಕಿಸ್ಕೊಂಡ” ಎಂದರು. ಯಜಮಾನರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ಇಷ್ಟು ವರ್ಷದಲ್ಲಿ ಈ ಪ್ರಯೋಗ ನಮ್ಮ ಮನೆಯಲ್ಲಿ ಇನ್ನೆಷ್ಟು ಸಲ ನಡೆದಿದೆಯೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಪ್ರಬಂಧ ಸ್ವೀಕೃತವಾಯಿತು, ಪೋಸ್ಟರ್ ಆಗಿ. ನಾವು ಕೇಳಿದ್ದು ವೇದಿಕೆಯ ಮೇಲೆ ನಿಂತು ಮಾತಾಡುವುದು. ಸಿಕ್ಕಿದ್ದು ಗೋಡೆಗೆ ಹಚ್ಚಿ ಪಕ್ಕದಲ್ಲಿ ನಿಲ್ಲುವುದು. “ಮಾತಾಡೋದು ಬೇಡ ಅಂದಿದ್ದಾರೆ,” ಎಂದು ಯಜಮಾನರು ಫೋನಿನಲ್ಲಿ ತಮ್ಮ ತಂಗಿಗೆ ಸುದ್ದಿ ಕೊಡುತ್ತಿದ್ದರು, “ಯಾರೋ ಅನುಭವಸ್ಥರು ಇರಬೇಕು.”

ಪೋಸ್ಟರನ್ನು ಮಾಡಿಸಲು ನಮ್ಮ ಬಡಾವಣೆಯ ಫ್ಲೆಕ್ಸ್ ಅಂಗಡಿಗೆ ಹೋದೆ. ಅಳತೆ ಮೂರು ಅಡಿಗೆ ನಾಲ್ಕು ಅಡಿ. ಹುಡುಗ ಪೆನ್‌ಡ್ರೈವ್ ತೆಗೆದುಕೊಂಡು ತೆರೆದು ನೋಡಿದ. ಅವನ ಹಿಂದೆ ಗೋಡೆಯ ಮೇಲೆ ಹುಟ್ಟುಹಬ್ಬದ ಶಾಸಕರು, ಭಾವಪೂರ್ಣ ಶ್ರದ್ಧಾಂಜಲಿಯ ಅಜ್ಜಂದಿರು, ಗಣೇಶನ ಎಡಬಲದಲ್ಲಿ ಕೈಮುಗಿದ ಯುವಕ ಸಂಘದವರು ಒಣಗುತ್ತಿದ್ದರು.

“ಫೋಟೋ ಎಲ್ಲಿ ಮೇಡಂ?”

“ಫೋಟೋ ಇಲ್ಲಪ್ಪ.”

“ಕಾರ್ಯಕ್ರಮ ಏನು?”

“ಮನಶ್ಶಾಸ್ತ್ರದ ಸಮ್ಮೇಳನ.”

ಅವನು ಕೆಳಗಿಳಿಸುತ್ತ ಹೋಗಿ ಲೇಖಕರ ಸಾಲಿನಲ್ಲಿ ನಮ್ಮಿಬ್ಬರ ಹೆಸರು ನೋಡಿ ನೆಮ್ಮದಿಯಿಂದ, “ಓ, ಶುಭಕೋರುವವರು ಇವರಿಬ್ಬರಾ? ಕೆಳಗೆ ಹಾಕ್ಬೇಕು ಮೇಡಂ, ಮೇಲೆ ಹಾಕಿದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ವಾ?” ಎಂದ. ಹಿನ್ನೆಲೆ ಬಿಳಿ ಇದ್ದರೆ ಎದ್ದು ಕಾಣಲ್ಲ ಎಂದು ನಾನು ಬೇಡವೆಂದರೂ ನಾಲ್ಕು ಮೂಲೆಗೆ ಒಂದೊಂದು ಚಿನ್ನದ ಬಳ್ಳಿ ಬಿಡಿಸಿಕೊಟ್ಟ. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಸಮ್ಮೇಳನದಲ್ಲಿ ಅರವತ್ತು ಪೋಸ್ಟರುಗಳ ಮಧ್ಯೆ ಜನ ನಿಂತದ್ದು ಆ ಬಳ್ಳಿಯನ್ನು ನೋಡಿ. ಬೆಳಗ್ಗೆಯೆಲ್ಲ ಪಕ್ಕದಲ್ಲಿ ನಿಂತಿದ್ದೆ. ಹೆಚ್ಚಿನವರು ಊಟದ ಹಾಲ್ ಯಾವ ಕಡೆ ಎಂದು ಕೇಳಿದರು. ಊಟದ ನಂತರ ವಯಸ್ಸಾದ ಪ್ರಾಧ್ಯಾಪಕಿಯೊಬ್ಬರು ಬಂದು, ಕೈಕಟ್ಟಿ ನಿಂತು ಪೂರ್ತಿ ಓದಿ ಒಂದೇ ಮಾತು ಕೇಳಿದರು. ಮೊದಲು ಉಳಿದವರೆಲ್ಲ ಏನೇನು ಮಾಡುತ್ತಾರೆ ಎಂದು ಬರೆಸಿ, ಆಮೇಲೆ ಅವರವರ ಪಾಲು ಕೇಳಿ ನೋಡಿದಿರಾ? ಹಾಗೆ ಮಾಡಿದರೆ ಮೊತ್ತ ಇಳಿಯುತ್ತದೆ ಎಂಬುದು ಅದೇ 2006ರ ಲೇಖನದ ಮುಖ್ಯ ಸಂಗತಿ. ನೋಡಿರಲಿಲ್ಲ. ಸರ್ಟಿಫಿಕೇಟ್ ತೆಗೆದುಕೊಂಡು ಅಪ್ಪರ್ ಬರ್ತಿನಲ್ಲಿ ಮಲಗಿ ಮೈಸೂರಿಗೆ ಬಂದೆ.

ಬಂದ ಭಾನುವಾರವೇ ಎಲ್ಲರ ಕೈಗೂ ಹಾಳೆ ಕೊಟ್ಟೆ. ಕೆಲಸದಾಕೆಗೆ ಚಹಾ ಕೊಟ್ಟು ಕೂರಿಸಿ ಅವಳು ಹೇಳಿದ್ದನ್ನು ನಾನು ಬರೆದುಕೊಂಡೆ. ಮೊದಲು ಮನೆಯ ಉಳಿದವರು ಏನೇನು ಮಾಡುತ್ತಾರೆ, ನೆನಪಾದದ್ದೆಲ್ಲ ಬರೆಯಿರಿ. ಆಮೇಲೆ ನಿಮ್ಮ ಪಾಲು. ಯಾರೂ ಮಾತಾಡದೆ ಬರೆಯುತ್ತಿದ್ದರು. ಮಗ ಮೊದಲ ಸಲ ಪೆನ್ನನ್ನು ಬಾಯಿಂದ ತೆಗೆದು ಯೋಚಿಸಿದ. ನನ್ನ ಪಾಲು 75ರಿಂದ 40ಕ್ಕೆ ಇಳಿಯಿತು. ಇಳಿಸಿದ್ದು ನಾನೇ, ಹೊಟ್ಟೆ ಉರಿಯಿತು. ಯಜಮಾನರದು 15, ಮಗನದು 5, ಕೆಲಸದಾಕೆಯದು 35. ಅತ್ತೆ ಮೊದಲಿನ ಹತ್ತರಲ್ಲೇ ಇದ್ದರು. ಮೊತ್ತ ನೂರೈದು. ಯಜಮಾನರಿಗೆ ಆದ ಸಂತೋಷ ಹೇಳತೀರದು. “ವ್ಯತ್ಯಾಸ ಬರೀ ಐದು! ಸಸ್ಪೆನ್ಸ್ ಅಕೌಂಟಿಗೆ ಹಾಕಿದ್ರೆ ಮುಗೀತು.”

ಆ ಸಂತೋಷದಲ್ಲಿ ಅವರು ಪಟ್ಟಿಗಳನ್ನು ಗಟ್ಟಿಯಾಗಿ ಓದತೊಡಗಿದರು. ಎಲ್ಲರ ಹಾಳೆಯಲ್ಲೂ ಉದ್ದವಾದ ಪಟ್ಟಿ ಇದ್ದದ್ದು ಅತ್ತೆಯವರ ಹೆಸರಿನ ಕೆಳಗೆ. ಐದೂವರೆಗೆ ಎದ್ದು ಹಾಲು ತರುವುದು, ಡಿಕಾಕ್ಷನ್ ಹಾಕುವುದು, ಹೆಪ್ಪು, ಮಾತ್ರೆ, ಮಹಡಿಯ ಬಟ್ಟೆ, ಸೊಪ್ಪು ಬಿಡಿಸುವುದು, ನೀರು ಬರುವ ದಿನ ಸಂಪಿನ ಮೋಟರು, ದೇವರ ಪಾತ್ರೆ, ಗ್ಯಾಸಿನವನು, ಕೊರಿಯರಿನವನು, ನನ್ನ ಬೀಗದ ಕೈ ಹುಡುಕಿಕೊಡುವುದು. ಕೆಲಸದಾಕೆ, “ನನಗೆ ಕಾಫಿ ಕೊಡೋದೂ ಅಮ್ಮಾವ್ರೇ” ಎಂದು ಸೇರಿಸಿದಳು. ಅತ್ತೆ ಕನ್ನಡಕ ತೆಗೆದು, ಬೇರೆ ಯಾರದೋ ಮನೆಯ ವಿಷಯ ಕೇಳುವವರ ಹಾಗೆ ಕೇಳುತ್ತಿದ್ದರು.

“ಇಷ್ಟೆಲ್ಲ ನಾನು ಮಾಡ್ತೀನಾ?”

“ಹೌದಜ್ಜಿ,” ಎಂದ ಮಗ, “ಕಮ್ಮಿ ಅಂದ್ರೂ ನಲವತ್ತಾಗತ್ತೆ.”

ಮಾರನೆಯ ದಿನ ಬೆಳಗ್ಗೆ ಆರೂವರೆಗೆ ಎದ್ದರೆ ಮನೆ ಸದ್ದಿಲ್ಲ. ಹಾಲಿನ ಪ್ಯಾಕೆಟ್ಟು ಗೇಟಿನಲ್ಲೇ ನೇತಾಡುತ್ತಿದೆ. ಅತ್ತೆ ಹಜಾರದಲ್ಲಿ ಯಜಮಾನರ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಪೇಪರ್ ಓದುತ್ತಿದ್ದಾರೆ. ಕರೂಸೊ ಮತ್ತು ಸಂಗಡಿಗರ ಲೇಖನದಲ್ಲಿ ಇನ್ನೊಂದು ಭಾಗವೂ ಇದೆ, ನಾನು ಪರೀಕ್ಷೆಗೆ ಬರುವುದಿಲ್ಲವೆಂದು ಮಕ್ಕಳಿಗೆ ಬಿಟ್ಟುಬಿಡುವಂಥದ್ದು. ಉಳಿದವರ ಪಾಲನ್ನೂ ಎಣಿಸಿ ನೋಡುವಂತೆ ಮಾಡಿದರೆ ಮೊತ್ತವೇನೋ ಇಳಿಯುತ್ತದೆ. ಆದರೆ ನಿಜವಾಗಿ ಹೆಚ್ಚು ದುಡಿದವರಿಗೆ ಮುಂದೆ ಆ ಗುಂಪಿನ ಜೊತೆ ಕೆಲಸ ಮಾಡುವ ಉತ್ಸಾಹವೂ ಇಳಿಯುತ್ತದೆ.

“ಕಾಫಿ, ಅತ್ತೆ?” ಎಂದೆ ಮೆಲ್ಲಗೆ.

“ಸ್ವಲ್ಪ ಸ್ಟ್ರಾಂಗಾಗಿರಲಿ. ಡಿಕಾಕ್ಷನ್ ಇಳಿಯೋ ತನಕ ಮೋಟರ್ ಹಾಕಿಬಿಡು, ಇವತ್ತು ನೀರು ಬರೋ ದಿನ.”

ಎರಡೂ ಮಾಡಿದೆ. ಮೋಟರು ಆರಿಸಲು ಮರೆತು ಸಂಪಿನ ನೀರೆಲ್ಲ ಮಹಡಿಯಿಂದ ಎದುರು ಮನೆಯ ಸ್ಕೂಟರಿನ ಮೇಲೆ ಇಳಿಯಿತು. ರಾತ್ರಿ ಹೆಪ್ಪು ಹಾಕಿದ್ದು ನಾನು. ಬೆಳಗ್ಗೆಗೆ ಹಾಲೇ ಆಗಿತ್ತು. ಯಜಮಾನರ ಬೀಪಿ ಮಾತ್ರೆ ತೀರಿದ್ದು ಅವರಿಗೆ ತಲೆ ಸುತ್ತಿದಾಗ ತಿಳಿಯಿತು. ವಾರದ ಕೊನೆಗೆ ಯಜಮಾನರು ತಾಯಿಯ ಹತ್ತಿರ ಕೂತು, “ಅಮ್ಮ, ಆ ಲೆಕ್ಕದಲ್ಲಿ ಏನೋ ತಪ್ಪಾಗಿತ್ತು ಅನ್ಸತ್ತೆ” ಎಂದು ಶುರುಮಾಡಿದರು. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

ಈಗ ಮುಂದಿನ ವರ್ಷದ ಸಮ್ಮೇಳನದ ಸುತ್ತೋಲೆ ಬಂದಿದೆ. ನಮ್ಮ ಮನೆಯ ಎರಡನೆಯ ಪ್ರಯೋಗವನ್ನೇ ಕಳಿಸಬೇಕೆಂದಿದ್ದೇನೆ. ಈ ಸಲ ವೇದಿಕೆ ಸಿಕ್ಕರೂ ಸಿಕ್ಕೀತು. ಹೆಪ್ಪಿನ ಉಪಕಾರ ನೆನೆದು ಅತ್ತೆಯವರ ಹೆಸರನ್ನೂ ಲೇಖಕರ ಸಾಲಿನಲ್ಲಿ ಸೇರಿಸುವುದೆಂದು ಸಹೋದ್ಯೋಗಿಯೂ ಒಪ್ಪಿದ್ದಾರೆ. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಅವರ ಎದುರು ಕೂತೆ.

“ಅತ್ತೆ, ಇದರಲ್ಲಿ ಪ್ರತಿಯೊಬ್ಬರ ಪಾಲು ಹಾಕಬೇಕು. ನಿಮ್ಮದು ಎಷ್ಟು ಅಂತ ಬರೀಲಿ?”

ಅವರು ಕಾಫಿಯ ಲೋಟ ಕೆಳಗಿಟ್ಟು ಒಂದು ನಿಮಿಷ ಯೋಚಿಸಿದರು.

“ನೂರು ಹಾಕ್ಕೋ.”